ಪರಾಗ ಮಾಪಕದ ಸೊನ್ನೆಯನ್ನು ನಂಬುವ ಮೊದಲು

ಹೂ ಬಿಡುವ ಕಾಲ. ನಿಲ್ಲಿಸಿದ ಕಾರಿನ ಗಾಜಿನ ಮೇಲೆ ಹಳದಿ ಪುಡಿ, ಅಲರ್ಜಿ ಇರುವವರ ಕೈಯಲ್ಲಿ ಕರವಸ್ತ್ರ. ಆದರೆ ಗಾಳಿಯನ್ನು ಎಳೆದುಕೊಂಡು ಅದರಲ್ಲಿನ ಪರಾಗಕಣಗಳನ್ನು ಎಣಿಸುವ, ಚಾವಣಿಯ ಮೇಲಿನ ಸ್ವಯಂಚಾಲಿತ ಪರಾಗ ಮಾಪಕ ಬೆಳಗಿನಿಂದ ಒಂದೇ ಸಮನೆ ಸೊನ್ನೆ ಬರೆಯುತ್ತಿದೆ. ಕೆಂಪು ದೀಪ ಉರಿದಿಲ್ಲ, ದೋಷದ ಸಂದೇಶ ಬಂದಿಲ್ಲ, ಪಂಪ್ ಎಂದಿನಂತೆ ಗುಂಯ್‌ಗುಡುತ್ತಿದೆ. ಇಂಥ ಸೊನ್ನೆಯ ಬೆನ್ನು ಹತ್ತುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕ ಅತಿಯಾಗಿ ಬಂದಾಗ, ಯಂತ್ರ ಒಂದು ಗಿಡದ ಪರಾಗವನ್ನು ಇನ್ನೊಂದರದೆಂದು ಕರೆದಾಗ ಏನು ಮಾಡಬೇಕೆಂಬುದೂ ನಡುನಡುವೆ ಬರುತ್ತದೆ. ಆದರೆ ಹೆಚ್ಚು ಮೋಸ ಮಾಡುವುದು ಸೊನ್ನೆಯೇ. ಅತಿಯಾದ ಅಂಕಿ ಕಂಡರೆ ಯಾರಾದರೂ ಹುಬ್ಬೇರಿಸುತ್ತಾರೆ. ಸೊನ್ನೆ ಕಂಡರೆ ಇವತ್ತು ಗಾಳಿ ಚೆನ್ನಾಗಿದೆ ಎಂದುಕೊಂಡು ಸುಮ್ಮನಾಗುತ್ತಾರೆ.

ಸೊನ್ನೆಗೆ ನಾಲ್ಕು ಅರ್ಥ

ಗಾಳಿಯಲ್ಲಿ ನಿಜವಾಗಿಯೂ ಪರಾಗ ಇಲ್ಲದಿರಬಹುದು. ಪರಾಗವಿದ್ದೂ ಅದು ಯಂತ್ರದ ಕಣ್ಣಿನವರೆಗೆ ಬಾರದಿರಬಹುದು. ಬಂದರೂ ಯಂತ್ರ ಅದನ್ನು ಪರಾಗವೆಂದು ಗುರುತಿಸದಿರಬಹುದು. ಇವೆಲ್ಲ ಸರಿಯಿದ್ದೂ ಅಂಕಿ ದಾರಿಯಲ್ಲೆಲ್ಲೋ ಕಳೆದುಹೋಗಿ, ಖಾಲಿ ಜಾಗಕ್ಕೆ ಯಾವುದೋ ಪ್ರೋಗ್ರಾಂ ಸೊನ್ನೆ ತುಂಬಿರಬಹುದು.

ಬಹಳ ಮಂದಿ ತನಿಖೆಯನ್ನು ಮೂರನೆಯದರಿಂದ, ಅಂದರೆ ಸಾಫ್ಟ್‌ವೇರಿನಿಂದ ಶುರುಮಾಡುತ್ತಾರೆ. ಕುರ್ಚಿಯಿಂದ ಏಳದೆ ಮಾಡಬಹುದಾದ ಕೆಲಸ ಅದೊಂದೇ ಎಂಬುದಲ್ಲದೆ ಅದಕ್ಕೆ ಬೇರೆ ಕಾರಣ ನನಗೆ ಕಂಡಿಲ್ಲ. ಏಣಿ ಹತ್ತುವುದಕ್ಕೆ ಮುಂಚೆ ಕುರ್ಚಿಯಲ್ಲಿ ಕೂತೇ ಮಾಡಬೇಕಾದ ಪರೀಕ್ಷೆ ಒಂದಿದೆ, ನಿಜ. ಆದರೆ ಅದು ವರ್ಗೀಕರಣಕ್ಕೆ, ಅಂದರೆ ಕಣ ಯಾವುದೆಂದು ಗುರುತಿಸುವುದಕ್ಕೆ, ಸಂಬಂಧಿಸಿದ್ದಲ್ಲ. ಯಂತ್ರ ಕಂಡ ಎಲ್ಲ ಕಣಗಳ ಒಟ್ಟು ಎಣಿಕೆಯನ್ನು ತೆಗೆದು ನೋಡಿ. ಪರಾಗವೇ ಇಲ್ಲದ ದಿನವೂ ಹೊರಗಿನ ಗಾಳಿಯಲ್ಲಿ ದೂಳು, ಮಸಿ, ಬೂಷ್ಟಿನ ಬೀಜಕಣಗಳು ಇದ್ದೇ ಇರುತ್ತವೆ. ಒಟ್ಟು ಎಣಿಕೆಯೂ ಕುಸಿದಿದ್ದರೆ ದೋಷ ಗಾಳಿಯ ದಾರಿಯಲ್ಲಿದೆ ಅಥವಾ ಕಣವನ್ನು ಮೊದಲು ಕಾಣುವ ಲೇಸರಿನಲ್ಲಿದೆ. ಒಟ್ಟು ಎಣಿಕೆ ಎಂದಿನಂತಿದ್ದು ಪರಾಗ ಮಾತ್ರ ಸೊನ್ನೆಯಾದರೆ ಪ್ರತಿದೀಪ್ತಿ (ಬೆಳಕು ಬಿದ್ದಾಗ ಕಣ ತಾನೂ ಮಿನುಗುವುದು) ಅಳೆಯುವ ಭಾಗವನ್ನೋ ವರ್ಗೀಕರಣವನ್ನೋ ಹಿಡಿಯಬೇಕು. ಬರಿಯ ದೊಡ್ಡ ಕಣಗಳೇ ದಾರಿಯಲ್ಲಿ ಉದುರುತ್ತಿರುವ ಸಂಭವವನ್ನೂ ಮರೆಯಬಾರದು. ಯಂತ್ರದ ಒಳಗಿನ ಡಿಸ್ಕಿನಲ್ಲಿ ಅಂಕಿಗಳಿದ್ದು ಸರ್ವರಿನಲ್ಲಿ ಸೊನ್ನೆ ಇದ್ದರೆ ಏಣಿಯನ್ನು ಮುಟ್ಟಬೇಕಾಗಿಯೇ ಇಲ್ಲ.

ಕಳೆದ ಒಂದೆರಡು ತಿಂಗಳ ರೇಖಾಚಿತ್ರವನ್ನೂ ಒಮ್ಮೆ ಬಿಡಿಸಿ ನೋಡಿ. ಎಣಿಕೆ ಮೆಟ್ಟಿಲಿನಂತೆ ಒಮ್ಮೆಗೇ ಇಳಿದಿದೆಯೋ, ಇಳಿಜಾರಿನಂತೆ ಜಾರಿದೆಯೋ? ಮೆಟ್ಟಿಲಾದರೆ ಆ ಹೊತ್ತಿನಲ್ಲಿ ಏನೋ ಆಗಿದೆ: ಪಂಪ್ ನಿಂತಿದೆ, ಕೇಬಲ್ ಕಳಚಿದೆ, ಯಾರೋ ಯಂತ್ರವನ್ನು ತೆರೆದು ಮುಚ್ಚಿದ್ದಾರೆ ಅಥವಾ ಹೊಸ ಸಾಫ್ಟ್‌ವೇರ್ ಹಾಕಿದ್ದಾರೆ. ಇಳಿಜಾರಾದರೆ ಕೊಳೆ, ಕಟ್ಟಿಕೊಂಡ ಫಿಲ್ಟರ್ ಅಥವಾ ಮಂಕಾಗುತ್ತಿರುವ ಬೆಳಕಿನ ಮೂಲ. ಈ ಒಂದು ನೋಟದಿಂದ ಅರ್ಧ ಕೆಲಸ ಮುಗಿಯುತ್ತದೆ. ನಿರ್ವಹಣೆಯ ಡೈರಿ ಸರಿಯಾಗಿ ಬರೆದಿಟ್ಟಿದ್ದರೆ ಮುಕ್ಕಾಲು.

ಗಾಳಿಯ ದಾರಿ

ಇಲ್ಲಿ ನಿಧಾನವಾಗಿ ಹೋಗುವುದು ಒಳ್ಳೆಯದು, ಏಕೆಂದರೆ ಪರಾಗ ಬೇರೆ ಕಣಗಳಂತಲ್ಲ. ಹೊಗೆ, ಸೂಕ್ಷ್ಮ ದೂಳು ಅಳೆದು ಅಭ್ಯಾಸವಿರುವವರು ಎಡವುವುದೇ ಇಲ್ಲಿ. ಹೆಚ್ಚಿನ ಪರಾಗಕಣಗಳು 10ರಿಂದ 100 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದವು. ಹುಲ್ಲಿನದು ಸುಮಾರು 20–40, ಬರ್ಚ್ ಮರದ್ದು 20–25 ಮೈಕ್ರಾನ್, ಗಾಳಿಚೀಲಗಳಿರುವ ಪೈನ್ ಪರಾಗ ಇನ್ನೂ ದೊಡ್ಡದು. 30 ಮೈಕ್ರಾನಿನ ಕಣವೊಂದು ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಎರಡು–ಮೂರು ಸೆಂಟಿಮೀಟರ್ ಇಳಿಯುತ್ತದೆ. ಒಂದು ಮೈಕ್ರಾನಿನ ಕಣ ಅಷ್ಟು ಇಳಿಯಲು ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು.

ಇದರಿಂದ ಆಗುವ ಅನಾಹುತವನ್ನು ಲೆಕ್ಕ ಹಾಕಿ ನೋಡೋಣ. ಯಂತ್ರ ನಿಮಿಷಕ್ಕೆ 2.8 ಲೀಟರ್ ಗಾಳಿ ಎಳೆಯುತ್ತದೆ, ಕೊಳವೆಯ ಒಳವ್ಯಾಸ ಒಂದು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕೊಳವೆಯೊಳಗೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್. ಈ ಕೊಳವೆಯನ್ನು ಒಂದು ಮೀಟರ್ ಉದ್ದಕ್ಕೆ ಅಡ್ಡಲಾಗಿ ಮಲಗಿಸಿದರೆ, ಅದನ್ನು ದಾಟುವಷ್ಟರಲ್ಲಿ ಪರಾಗಕಣ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಕೆಳಗಿಳಿಯಬೇಕು. ಕೊಳವೆಯ ಅಗಲವೇ ಒಂದು! ಅಂದರೆ ಅಷ್ಟೂ ಪರಾಗ ಕೊಳವೆಯ ತಳದಲ್ಲಿ ಮಲಗಿರುತ್ತದೆ, ಸಣ್ಣ ದೂಳು ಮಾತ್ರ ಯಂತ್ರ ತಲುಪುತ್ತದೆ, ಒಟ್ಟು ಎಣಿಕೆ ಎಂದಿನಂತೆಯೇ ಕಾಣುತ್ತದೆ. ಮಳೆ ನೀರು ತಾಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದ ಯಾರೋ ಇನ್‌ಲೆಟ್ಟಿಗೆ, ಅಂದರೆ ಗಾಳಿ ಒಳಬರುವ ಬಾಯಿಗೆ, ಬಾಗಿದ ಕೊಳವೆಯೊಂದನ್ನು ಜೋಡಿಸಿ, ಒಂದು ಇಡೀ ಹೂವಿನ ಕಾಲವನ್ನು ಕಳೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಇನ್‌ಲೆಟ್ಟಿನಿಂದ ಅಳತೆಯ ಕೋಣೆಯವರೆಗೆ ದಾರಿ ನೇರವಾಗಿ, ಲಂಬವಾಗಿ, ಸಾಧ್ಯವಾದಷ್ಟು ಗಿಡ್ಡಗೆ ಇರಬೇಕು. ಪ್ಲಾಸ್ಟಿಕ್ ಕೊಳವೆ ಹಾಕಿದ್ದರೆ ಅದರ ಸ್ಥಿರವಿದ್ಯುತ್ತೂ ಕಣಗಳನ್ನು ಗೋಡೆಗೆ ಸೆಳೆದುಕೊಳ್ಳುತ್ತದೆ.

ಈಗ ಏಣಿ ಹತ್ತಿ. ಇನ್‌ಲೆಟ್ಟಿನ ಬಾಯಿಗೆ ಟಾರ್ಚ್ ಹಾಕಿ ನೋಡಿ. ಜೇಡರ ಬಲೆಯನ್ನು ಮೊದಲು ಹುಡುಕಿ, ನಗುವ ಮಾತಲ್ಲ. ತಂಪಾದ, ನೆರಳಿರುವ, ಸಣ್ಣ ಹುಳುಗಳನ್ನು ಗಾಳಿಯೇ ತಂದುಕೊಡುವ ಜಾಗ ಜೇಡಕ್ಕೆ ಇನ್ನೆಲ್ಲಿ ಸಿಕ್ಕೀತು? ಬಲೆಯ ಎಳೆಗಳು ಗಾಳಿಯನ್ನು ತಡೆಯುವುದಿಲ್ಲ, ದೊಡ್ಡ ಕಣಗಳನ್ನು ಮಾತ್ರ ಹಿಡಿಯುತ್ತವೆ. ಹಾಗಾಗಿ ಹರಿವಿನ ಮಾಪಕ ಎಲ್ಲ ಸರಿಯಿದೆ ಎನ್ನುತ್ತದೆ. ಕೀಟ ತಡೆಯುವ ಜಾಲರಿಯಿದ್ದರೆ ಅದನ್ನು ಬಿಚ್ಚಿ ತೊಳೆಯಿರಿ.

ಬಳಿಕ ಹರಿವನ್ನು ಅಳೆಯಿರಿ. ಯಂತ್ರದ ಪರದೆ ತೋರಿಸುವ ಅಂಕಿಯನ್ನು ಓದಿದರೆ ಅಳೆದಂತಾಗುವುದಿಲ್ಲ. ಬೇರೊಂದು ಮಾಪಕವನ್ನು ಇನ್‌ಲೆಟ್ಟಿನ ಬಾಯಿಗೇ ಜೋಡಿಸಿ ನೋಡಬೇಕು. ಇದರ ಕಾರಣ ಮುಖ್ಯ. ಬಹುತೇಕ ಯಂತ್ರಗಳಲ್ಲಿ ಹರಿವಿನ ಸೆನ್ಸರ್ ಅಳತೆಯ ಕೋಣೆಯ ಆಚೆ, ಪಂಪಿನ ಹತ್ತಿರ ಇರುತ್ತದೆ. ಕೋಣೆಗೂ ಸೆನ್ಸರಿಗೂ ನಡುವೆ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಒಂದು ಸೀಳಿದ್ದರೆ ಪಂಪ್ ಆ ಸೀಳಿನಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಸೆನ್ಸರಿಗೆ ಪೂರ್ತಿ ಹರಿವು ಕಾಣುತ್ತದೆ, ಇನ್‌ಲೆಟ್ಟಿನಿಂದ ಬರುವುದು ಅರೆಬರೆ. ಬಾಯಿಯಲ್ಲಿ ಅಳೆದ ಹರಿವೂ ಪರದೆಯ ಅಂಕಿಯೂ ಹೊಂದದಿದ್ದರೆ ಸೋರಿಕೆ ಇದೆ ಎಂದೇ ಹಿಡಿಯಿರಿ. ಆದರೆ ಎರಡು ಎಚ್ಚರಿಕೆಗಳು. ಒಂದು, ತೇಲುಗುಂಡಿನ ರೋಟಾಮೀಟರ್ ತಾನೇ ಗಾಳಿಗೆ ಅಡ್ಡಿಯಾಗಿ ಹರಿವನ್ನು ತಗ್ಗಿಸುತ್ತದೆ. ಎರಡು, ಉಷ್ಣ ತತ್ತ್ವದ ಮಾಪಕಗಳು ಗಾಳಿಯ ದ್ರವ್ಯರಾಶಿಯನ್ನು ಅಳೆದು ಅದನ್ನು ಒಂದು ನಿಗದಿತ ತಾಪಮಾನ, ಒತ್ತಡದ ಲೀಟರುಗಳಾಗಿ ತೋರಿಸುತ್ತವೆ. ಎತ್ತರದ ಜಾಗದಲ್ಲಿ ಆ ಲೀಟರೂ ನಿಜವಾದ ಲೀಟರೂ ಒಂದೇ ಅಲ್ಲ. ಅಲ್ಲದೆ ಕೆಲವು ಯಂತ್ರಗಳು ಕಣಗಳ ಸಾಲನ್ನು ನಡುವಿಗೆ ತರಲು ಸೋಸಿದ ಗಾಳಿಯನ್ನು ಸುತ್ತಲೂ ಪೊರೆಯಂತೆ ಹರಿಸುತ್ತವೆ. ಅಂಥವುಗಳಲ್ಲಿ ಪರದೆಯ ಯಾವ ಅಂಕಿ ಯಾವ ಹರಿವಿನದು ಎಂದು ಮೊದಲು ತಿಳಿದುಕೊಳ್ಳಿ.

ಸೋರಿಕೆಯ ಅನುಮಾನ ಬಂದರೆ, ತಯಾರಕರ ಕೈಪಿಡಿ ಒಪ್ಪುವುದಾದರೆ, ಇನ್‌ಲೆಟ್ಟನ್ನು ಕೆಲವೇ ಸೆಕೆಂಡು ಮುಚ್ಚಿ. ಹರಿವು ಸೊನ್ನೆಯ ಹತ್ತಿರ ಬರಬೇಕು. ಬಾರದಿದ್ದರೆ ಉಳಿದಷ್ಟು ಗಾಳಿ ಎಲ್ಲಿಂದಲೋ ನುಸುಳುತ್ತಿದೆ. ಅದಾದ ಮೇಲೆ ಇನ್‌ಲೆಟ್ಟಿಗೆ ಹೆಪಾ ಫಿಲ್ಟರ್ (ಹೆಚ್ಚುಕಡಿಮೆ ಎಲ್ಲ ಕಣಗಳನ್ನೂ ತಡೆಯುವ ಸೋಸುಕ) ಒಂದನ್ನು ಸಿಕ್ಕಿಸಿ ಅರ್ಧ ಗಂಟೆ ಬಿಡಿ. ಈಗ ಬರುವ ಸೊನ್ನೆ ನೀವೇ ಬರಿಸಿದ ಸೊನ್ನೆ, ಅದನ್ನು ನಂಬಬಹುದು. ಫಿಲ್ಟರ್ ಇದ್ದೂ ಕಣಗಳು ಎಣಿಕೆಯಾಗುತ್ತಿದ್ದರೆ ಸೋರಿಕೆಯೋ, ಒಳಗೆ ಅಂಟಿದ್ದ ಹಳೆಯ ದೂಳು ಉದುರುತ್ತಿರುವುದೋ, ವಿದ್ಯುತ್ ಗದ್ದಲವೋ (ಕಣವಿಲ್ಲದೆಯೂ ಹುಟ್ಟುವ ಸುಳ್ಳು ಸಂಕೇತ) ಇರಬೇಕು.

ಕಣ್ಣು

ಕಣಗಳು ತಲುಪುತ್ತಿವೆ, ಆದರೂ ಯಂತ್ರ ಕಾಣುತ್ತಿಲ್ಲ. ಇಲ್ಲಿ ಯಂತ್ರದ ಬಗೆ ಮುಖ್ಯವಾಗುತ್ತದೆ. ಕೆಲವು ಯಂತ್ರಗಳು ಪರಾಗವನ್ನು ಅಂಟಿನ ಮೇಲೆ ಹಿಡಿದು ಸೂಕ್ಷ್ಮದರ್ಶಕದಲ್ಲಿ ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿ ಚಿತ್ರ ತೆಗೆಯುತ್ತವೆ. ಕೆಲವು ಹಾರುತ್ತಿರುವ ಕಣದ ಮೇಲೆ ಲೇಸರ್ ಬೀರಿ ಚದುರಿದ ಬೆಳಕನ್ನೂ ಪ್ರತಿದೀಪ್ತಿಯನ್ನೂ ಅಳೆಯುತ್ತವೆ, ಇನ್ನು ಕೆಲವು ಲೇಸರ್ ಬೆಳಕಿನಿಂದ ಕಣದ ಆಕಾರವನ್ನು ಮೂಡಿಸುವ ಹೊಲೊಗ್ರಾಮ್ ತೆಗೆಯುತ್ತವೆ. ಚಿತ್ರ ತೆಗೆಯುವ ಯಂತ್ರವಾದರೆ ನಿಮ್ಮ ಅದೃಷ್ಟ ದೊಡ್ಡದು: ಕೊನೆಯ ಐವತ್ತು ಚಿತ್ರಗಳನ್ನು ಕಣ್ಣಾರೆ ನೋಡಿ. ಮಸುಕಾಗಿದ್ದರೆ ಫೋಕಸ್ ಜಾರಿದೆ, ಎಲ್ಲ ಚಿತ್ರಗಳಲ್ಲೂ ಒಂದೇ ಕಡೆ ಕಲೆಯಿದ್ದರೆ ಲೆನ್ಸ್ ಕೊಳೆಯಾಗಿದೆ, ಬರಿದಾಗಿದ್ದರೆ ಅಂಟು ಮುಗಿದಿದೆ.

ಪ್ರತಿದೀಪ್ತಿ ಅಳೆಯುವವು ಅಷ್ಟು ಸುಲಭವಾಗಿ ಗುಟ್ಟು ಬಿಡುವುದಿಲ್ಲ. ನೇರಳಾತೀತ ಬೆಳಕು ಬಿದ್ದಾಗ ಜೈವಿಕ ಕಣಗಳು ತಾವೂ ಮಿನುಗುತ್ತವೆ. 280 ನ್ಯಾನೋಮೀಟರಿನ ಸುತ್ತಲಿನ ಬೆಳಕಿಗೆ ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್ ಪ್ರತಿಕ್ರಿಯಿಸುತ್ತದೆ. ಬೆಳಕಿನ ಮೂಲ ಹಳತಾದಂತೆ, ಕಿಟಕಿಯ ಗಾಜು ಕೊಳೆಯಾದಂತೆ ಈ ಮಿನುಗು ಕ್ಷೀಣಿಸುತ್ತದೆ, ಒಂದು ದಿನ ಮಿತಿಗಿಂತ ಕೆಳಗಿಳಿಯುತ್ತದೆ, ಅಲ್ಲಿಂದ ಮುಂದೆ ಪರಾಗವೆಲ್ಲ ದೂಳಿನ ಲೆಕ್ಕಕ್ಕೆ ಜಮೆ. ಇದನ್ನು ಹಿಡಿಯಲು ಪರಾಗದ ಸಂಖ್ಯೆಯನ್ನು ನೋಡಿ ಪ್ರಯೋಜನವಿಲ್ಲ, ಅದು ಹವಾಮಾನದೊಂದಿಗೆ ಏರಿಳಿಯುತ್ತಲೇ ಇರುತ್ತದೆ. ಗಾತ್ರ ಗೊತ್ತಿರುವ, ಪ್ರತಿದೀಪ್ತಿಯುಳ್ಳ ಪಾಲಿಸ್ಟೈರೀನ್ ಗೋಲಿಗಳನ್ನು ಹಾರಿಸಿ, ಬಂದ ಸಂಕೇತವನ್ನು ಯಂತ್ರ ಹೊಸತಾಗಿದ್ದಾಗಿನ ಸಂಕೇತದೊಂದಿಗೆ ಹೋಲಿಸಬೇಕು. ಹೊಸತಾಗಿದ್ದಾಗ ಅಳೆದಿಡದವರಿಗೆ ಹೋಲಿಸಲು ಏನೂ ಇರುವುದಿಲ್ಲ; ಅಂಥವರು ಈಗಲಾದರೂ ಶುರುಮಾಡಲಿ.

ಗೋಲಿಗಳು ಸಿಗದಿದ್ದರೆ ಲೈಕೊಪೋಡಿಯಂ ಎಂಬ ಹೂಬಿಡದ ಗಿಡದ ಬೀಜಕಣಗಳ ಪುಡಿ ಆದೀತು. ಸುಮಾರು 30 ಮೈಕ್ರಾನ್ ಗಾತ್ರ, ಒಣದಾಗಿ ಚೆನ್ನಾಗಿ ಹಾರುತ್ತದೆ. ಚಿಟಿಕೆಗಿಂತಲೂ ಕಡಿಮೆ ಸಾಕು. ಹೆಚ್ಚಾದರೆ ಪರೀಕ್ಷೆಯೇ ಲೆನ್ಸನ್ನು ಕೊಳೆ ಮಾಡುತ್ತದೆ. ಗಾಳಿಯಲ್ಲಿ ಹರಡಿದ ಈ ಪುಡಿ ಭಗ್ಗೆಂದು ಹತ್ತಿಕೊಳ್ಳುವಂಥದು, ಹತ್ತಿರದಲ್ಲಿ ಕಿಡಿ ಇರಬಾರದು.

ಇನ್ನೊಂದು ಮಾತು. ಲೇಸರ್ ಉರಿಯುತ್ತಿರುವಾಗ ಮುಚ್ಚಳ ತೆರೆಯಬೇಡಿ, ಮುಚ್ಚಳ ತೆರೆದರೆ ಲೇಸರ್ ಆರಿಸುವ ಸುರಕ್ಷಾ ಸ್ವಿಚ್ಚನ್ನು ಟೇಪು ಹಚ್ಚಿ ಮೋಸಗೊಳಿಸಲೂಬೇಡಿ. ನೇರಳಾತೀತ ಕಿರಣ ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಮಾತ್ರ ಕೆಡಿಸುತ್ತದೆ. ಡಬ್ಬಿಯಲ್ಲಿ ಬರುವ ಒತ್ತಿದ ಗಾಳಿಯಿಂದ ಲೆನ್ಸ್ ಊದುವುದೂ ಬೇಡ; ಓರೆಯಾಗಿ ಹಿಡಿದರೆ ಅದರೊಳಗಿನ ದ್ರವ ಲೆನ್ಸಿನ ಮೇಲೆ ಚಿಮ್ಮಿ ಕಲೆ ಉಳಿಸುತ್ತದೆ.

ಲೆಕ್ಕ ಅತಿಯಾಗಿ ಬಂದರೆ

ಮೊದಲ ಅನುಮಾನ ಮಂಜಿನ ಮೇಲೆ. ಮಂಜಿನ ಹನಿಗಳು ಪರಾಗದಷ್ಟೇ ಗಾತ್ರಕ್ಕೆ ಬೆಳೆಯಬಲ್ಲವು. ಬರಿಯ ಚದುರಿದ ಬೆಳಕನ್ನು ನಂಬಿದ ಯಂತ್ರಕ್ಕೆ ಎರಡೂ ಒಂದೇ. ನಸುಕಿನಲ್ಲಿ ಏರಿ ಬಿಸಿಲು ಬಂದೊಡನೆ ಇಳಿಯುವ ಎಣಿಕೆಯನ್ನು ಆರ್ದ್ರತೆಯ ರೇಖೆಯ ಪಕ್ಕದಲ್ಲಿಟ್ಟು ನೋಡಿದರೆ ಗುಟ್ಟು ಬಯಲಾಗುತ್ತದೆ. ಹೊಲೊಗ್ರಾಮಿನಲ್ಲಾದರೆ ಹನಿ ತಪ್ಪಿಲ್ಲದ ವೃತ್ತ. ಪರಾಗಕ್ಕೆ ಮುಳ್ಳೋ ರಂಧ್ರವೋ ಸುಕ್ಕೋ ಇರುತ್ತದೆ. ಇನ್‌ಲೆಟ್ಟಿನ ಹೀಟರ್ ಕೆಟ್ಟಿದೆಯೇ ನೋಡಿ. ಹಿಮ ಬೀಳುವ ಕಡೆ ಹಿಮದ ಕಣಗಳೂ ಇದೇ ಆಟ ಆಡುತ್ತವೆ.

ಪ್ರತಿದಿನ ಒಂದೇ ಹೊತ್ತಿಗೆ ಚೂಪಾದ ಏರಿಕೆ ಕಂಡರೆ ಅದು ಹೆಚ್ಚಾಗಿ ಮನುಷ್ಯರ ಕೈವಾಡ. ಹುಲ್ಲು ಕತ್ತರಿಸುವ ಯಂತ್ರ, ಗುಡಿಸುವವರು, ಕಟ್ಟಡದ ಗಾಳಿ ಹೊರಹಾಕುವ ಫ್ಯಾನ್. ಡೀಸೆಲ್ ಮಸಿಯಲ್ಲಿರುವ ಕೆಲವು ಸಂಯುಕ್ತಗಳೂ ಮಿನುಗುತ್ತವೆ ಎಂಬುದು ನೆನಪಿರಲಿ. ಜನರೇಟರ್ ಹತ್ತಿರವಿದ್ದರೆ ಅದರ ಚಾಲನೆಯ ವೇಳೆಯನ್ನು ಕೇಳಿ ತಿಳಿದುಕೊಳ್ಳಿ.

ದೂಳಿನ ದಿನಗಳಲ್ಲಿ ಇದರ ತಿರುವುಮುರುವೂ ಆಗುತ್ತದೆ. ಪ್ರತಿಯೊಂದು ಕಣವನ್ನು ಅಳೆದು ಮುಗಿಸಲು ಯಂತ್ರಕ್ಕೆ ಒಂದಿಷ್ಟು ಹೊತ್ತು ಬೇಕು, ಅಷ್ಟರಲ್ಲಿ ದಾಟಿದ ಕಣಗಳು ಲೆಕ್ಕಕ್ಕೆ ಸಿಗವು. ರೇಖೆಯ ಶಿಖರಗಳು ಚೂಪಾಗಿರದೆ ಚಪ್ಪಟೆಯಾಗಿ ಕತ್ತರಿಸಿದಂತಿದ್ದರೆ ಯಂತ್ರ ದಣಿದಿದೆ ಎಂದರ್ಥ.

ಮಳೆಯಲ್ಲಿ ಎಣಿಕೆ ಇಳಿದರೆ ಯಂತ್ರವನ್ನು ಬಯ್ಯಬೇಡಿ. ಮಳೆ ಗಾಳಿಯನ್ನು ನಿಜಕ್ಕೂ ತೊಳೆಯುತ್ತದೆ. ಆದರೆ ಗುಡುಗು ಮಳೆಯ ಸಂಗತಿ ಬೇರೆ. ತೇವ ಹೀರಿದ ಹುಲ್ಲಿನ ಪರಾಗ ಒಡೆದು ಅತಿ ಸಣ್ಣ ಚೂರುಗಳಾಗುತ್ತದೆ, ಅವು ಶ್ವಾಸಕೋಶದ ಆಳಕ್ಕಿಳಿಯುತ್ತವೆ. 2016ರ ನವೆಂಬರ್ 21ರಂದು ಮೆಲ್ಬರ್ನ್ ನಗರದಲ್ಲಿ ಗುಡುಗು ಮಳೆಯ ಬೆನ್ನಿಗೇ ಸಾವಿರಾರು ಜನ ಉಬ್ಬಸದಿಂದ ಆಸ್ಪತ್ರೆಗೆ ಧಾವಿಸಿದರು. 10 ಮೈಕ್ರಾನಿಗಿಂತ ದೊಡ್ಡ ಇಡೀ ಕಣಗಳನ್ನೇ ಹುಡುಕುವ ಯಂತ್ರ ಇಂಥ ಚೂರುಗಳನ್ನು ಕಾಣದು. ಜನ ಕೆಮ್ಮುತ್ತಿರುವಾಗ ಅಂಕಿ ಇಳಿಯುವುದಕ್ಕೆ ಇದೂ ಒಂದು ಕಾರಣ, ಬಿಡಿಭಾಗ ಬದಲಿಸಿದರೆ ಇದು ಸರಿಹೋಗುವುದಿಲ್ಲ.

ಹೆಸರು ತಪ್ಪಿದರೆ

ವರ್ಗೀಕರಣದ ಪ್ರೋಗ್ರಾಂ ತನಗೆ ಕಲಿಸಿದ ಹೆಸರುಗಳನ್ನು ಮಾತ್ರ ಬಲ್ಲದು. ಹತ್ತು ಬಗೆಯ ಪರಾಗ ಕಲಿಸಿದ್ದರೆ ಹನ್ನೊಂದನೆಯದು ಬಂದಾಗಲೂ ಆ ಹತ್ತರಲ್ಲೇ ಒಂದು ಹೆಸರನ್ನು ಅಂಟಿಸುತ್ತದೆ. ಹಾಗಾಗಿ ಋತುವಿಗೆ ಹೊರತಾಗಿ ಬಂದ ಪರಾಗ ಅತ್ಯುತ್ತಮ ಸುಳಿವು: ಆ ಗಿಡ ಸುತ್ತಮುತ್ತ ಎಲ್ಲೂ ಹೂ ಬಿಟ್ಟಿಲ್ಲವಾದರೆ ಬೇರೆ ಯಾವುದೋ ಆ ಹೆಸರಿನಲ್ಲಿ ಓಡಾಡುತ್ತಿದೆ. ಅದು ಬೂಷ್ಟಿನ ದೊಡ್ಡ ಬೀಜಕಣವೂ ಆಗಿರಬಹುದು. ಕಂಪ್ಯೂಟರಿನಿಂದ ಎದ್ದು ಹೊರಗೆ ಹೋಗಿ ಗಿಡಗಳನ್ನು ನೋಡಿ ಬರುವುದು ಈ ಪರೀಕ್ಷೆಯ ಭಾಗವೇ.

ಕಲಿಸಿದ ಮಾದರಿಯ ಬಗ್ಗೆಯೂ ಒಂದು ಮಾತು. ಸಾಮಾನ್ಯವಾಗಿ ಆಗಷ್ಟೇ ಕೊಯ್ದ ಹೂವಿನ ಪರಾಗವನ್ನು ಹಾರಿಸಿ ಯಂತ್ರಕ್ಕೆ ಪಾಠ ಹೇಳಿರುತ್ತಾರೆ. ಗಾಳಿಯಲ್ಲಿ ಹೊತ್ತುಗಟ್ಟಲೆ ತೇಲಿ ಬಂದ ಪರಾಗ ಒಣಗಿ, ಮಡಿಚಿಕೊಂಡು ಬೇರೆಯೇ ಆಕಾರ ತಾಳಿರುತ್ತದೆ. ಹೀಗಾಗಿ ಒಣಹವೆಯಲ್ಲಿ ಗುರುತಿಸದ ಕಣಗಳ ಪಾಲು ಏರಿದರೆ ಯಂತ್ರ ಕೆಟ್ಟಿದೆ ಎನ್ನಲಾಗದು, ಪಾಠ ಸಾಲದು ಎನ್ನಬೇಕು. ಬರ್ಚ್, ಆಲ್ಡರ್, ಹೇಝಲ್ ಒಂದೇ ಕುಟುಂಬದವು, ಅವುಗಳ ಪರಾಗ ನುರಿತ ಕಣ್ಣಿಗೂ ತೊಡಕು ಕೊಡುತ್ತದೆ. ಹುಲ್ಲುಗಳನ್ನಂತೂ ಜಾತಿ ಜಾತಿಯಾಗಿ ಬೇರ್ಪಡಿಸುತ್ತೇನೆಂದು ಯಂತ್ರ ಹೇಳಿದರೆ ನಾನು ನಂಬುವುದಿಲ್ಲ. ಖಚಿತತೆಯ ಮಿತಿಯನ್ನು, ಅಂದರೆ ಎಷ್ಟು ಖಚಿತವಾದರೆ ಹೆಸರು ಕೊಡಬೇಕೆಂಬ ಗೆರೆಯನ್ನು, ಏರಿಸಿದರೆ ತಪ್ಪು ಹೆಸರು ಕಡಿಮೆಯಾಗುತ್ತದೆ, ಕೈತಪ್ಪುವ ಪರಾಗ ಹೆಚ್ಚಾಗುತ್ತದೆ. ಆ ಮಿತಿಯನ್ನು ಯಾರು, ಯಾವಾಗ ಬದಲಿಸಿದರು ಎಂಬುದು ಡೈರಿಯಲ್ಲಿರಬೇಕು. ಸಾಫ್ಟ್‌ವೇರ್ ನವೀಕರಿಸಿದ ದಿನಾಂಕವೂ.

ಸಣ್ಣ ಗಾಳಿ, ಸಣ್ಣ ಲೆಕ್ಕ

ಯಂತ್ರ ಕೆಡದೆಯೂ ಸೊನ್ನೆ ಬರುವ ಬಗೆ ಒಂದಿದೆ. ನಿಮಿಷಕ್ಕೆ 2.8 ಲೀಟರ್ ಎಳೆಯುವ ಯಂತ್ರ ಗಂಟೆಗೆ 0.168 ಘನ ಮೀಟರ್ ಗಾಳಿಯನ್ನಷ್ಟೇ ನೋಡುತ್ತದೆ. ಘನ ಮೀಟರಿಗೆ 10 ಪರಾಗಕಣಗಳಿರುವ ಗಾಳಿಯಲ್ಲಿ ಅದಕ್ಕೆ ಗಂಟೆಗೆ ಸರಾಸರಿ 1.7 ಕಣ ಸಿಗಬೇಕು. ಅಷ್ಟು ಚಿಕ್ಕ ಸರಾಸರಿಯಲ್ಲಿ ಹೆಚ್ಚುಕಡಿಮೆ ಐದು ಗಂಟೆಗಳಲ್ಲಿ ಒಂದು ಗಂಟೆ ಬರಿದೇ ಸೊನ್ನೆ, ಮತ್ತೊಂದು ಗಂಟೆ ಒಂದು ಕಣ ಹೆಚ್ಚು ಸಿಕ್ಕರೆ ಘನ ಮೀಟರಿನ ಲೆಕ್ಕದಲ್ಲಿ ಆರು ಕಣಗಳಷ್ಟು ನೆಗೆತ. ನಿಮಿಷಕ್ಕೆ 40 ಲೀಟರ್ ಎಳೆಯುವ ಯಂತ್ರಕ್ಕೆ ಅದೇ ಗಾಳಿಯಲ್ಲಿ ಗಂಟೆಗೆ 24 ಕಣ ಸಿಗುತ್ತದೆ, ಅಲ್ಲಿ ಸೊನ್ನೆ ಬಂದರೆ ಏಣಿ ತರಬೇಕು. ಸಣ್ಣ ಯಂತ್ರದ ಗಂಟೆಯ ಅಂಕಿಯನ್ನು ಹಿಡಿದು ತನಿಖೆಗೆ ಹೊರಡುವ ಮುನ್ನ ಮೂರೋ ಆರೋ ಗಂಟೆಗಳನ್ನು ಕೂಡಿಸಿ ನೋಡಿ.

ಅಂಕಿಗಳ ದಾರಿ

ಇಲ್ಲಿ ದೋಷಗಳು ಪೆದ್ದುತನದವು, ಹಾಗಾಗಿಯೇ ಬಹಳ ದಿನ ಬದುಕುತ್ತವೆ. ಯಂತ್ರ ನಿಂತಿದ್ದ ಗಂಟೆಯನ್ನು ಖಾಲಿ ಬಿಡುವ ಬದಲು ಡೇಟಾಬೇಸ್ ಸೊನ್ನೆ ಎಂದು ಬರೆಯುತ್ತದೆ. ಪರೀಕ್ಷೆ ಸುಲಭ: ಯಂತ್ರವನ್ನು ಎರಡು ಗಂಟೆ ಆರಿಸಿ, ಆ ಜಾಗದಲ್ಲಿ ಏನು ದಾಖಲಾಗುತ್ತದೆ ನೋಡಿ. ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇದ್ದು ಹವಾಮಾನದ ಅಂಕಿ ಸ್ಥಳೀಯ ಸಮಯದಲ್ಲಿದ್ದರೆ ಪರಾಗ ನಡುರಾತ್ರಿ ಅರಳಿದಂತೆ ಕಾಣುತ್ತದೆ. ಗಂಟೆಯ ಮುದ್ರೆ ಆ ಗಂಟೆಯ ಆರಂಭದ್ದೋ ಕೊನೆಯದ್ದೋ ಎಂಬ ಗೊಂದಲವೂ ಸಾಮಾನ್ಯ. ಇವೆಲ್ಲಕ್ಕಿಂತ ಗುಪ್ತವಾದದ್ದು, ಎಣಿಕೆಯನ್ನು ಸಾಂದ್ರತೆಯಾಗಿ (ಘನ ಮೀಟರಿಗೆ ಇಷ್ಟು ಕಣ ಎಂದು) ಮಾರ್ಪಡಿಸುವಾಗ ಅಳೆದ ಹರಿವಿನ ಬದಲು ಕಾಗದದ ಮೇಲಿನ ಹರಿವನ್ನು ಬಳಸುವುದು. 40 ಲೀಟರ್ ಎಂದು ಬರೆದು 30 ಲೀಟರ್ ಎಳೆಯುತ್ತಿದ್ದರೆ ಪ್ರತಿ ಅಂಕಿಯೂ ಕಾಲು ಭಾಗ ಕಡಿಮೆ.

ಕೈಎಣಿಕೆಯೊಂದಿಗೆ ಹೋಲಿಸುವಾಗ

ಎಲ್ಲ ಮುಗಿದ ಮೇಲೂ ಅನುಮಾನ ಉಳಿದರೆ ಪಕ್ಕದಲ್ಲಿ ಹರ್ಸ್ಟ್ ಬಲೆಯೊಂದನ್ನು (ಅಂಟಿನ ಮೇಲೆ ಪರಾಗ ಹಿಡಿದು, ಬಳಿಕ ಸೂಕ್ಷ್ಮದರ್ಶಕದಲ್ಲಿ ಮನುಷ್ಯರು ಎಣಿಸುವ ಉಪಕರಣ) ಇಟ್ಟು ನೋಡುವುದು ರೂಢಿ. 1952ರಲ್ಲಿ ಹರ್ಸ್ಟ್ ವಿವರಿಸಿದ ಉಪಕರಣ ಅದು: ನಿಮಿಷಕ್ಕೆ 10 ಲೀಟರ್ ಗಾಳಿ, 14 ಮಿಲಿಮೀಟರ್ ಉದ್ದ 2 ಮಿಲಿಮೀಟರ್ ಅಗಲದ ಸೀಳು, ಗಂಟೆಗೆ 2 ಮಿಲಿಮೀಟರ್ ಸರಿಯುವ ಅಂಟುಪಟ್ಟಿ. ಅದನ್ನು ತಕ್ಕಡಿಯೆಂದು ಪೂಜಿಸಬೇಡಿ. ಅದರ ಹರಿವೂ ತಪ್ಪುತ್ತದೆ, ಸ್ಲೈಡಿನ ಒಂದು ಭಾಗವನ್ನಷ್ಟೇ ಎಣಿಸಿ ಉಳಿದದ್ದನ್ನು ಗುಣಿಸುತ್ತಾರೆ, ಎಣಿಸುವವರೂ ದಣಿಯುತ್ತಾರೆ. ಸೀಳಿನ ಅಗಲವೇ ಒಂದು ಗಂಟೆಯ ಸರಿತದಷ್ಟು ಇರುವುದರಿಂದ ಗಂಟೆಗಳು ಒಂದರೊಳಗೊಂದು ಕಲೆಸಿರುತ್ತವೆ. ದಿನದ ಸರಾಸರಿಗಳನ್ನು ಹೋಲಿಸಿ, ಅದೂ ಪರಾಗ ಧಾರಾಳವಾಗಿರುವ ದಿನಗಳಲ್ಲಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದು, ಒಂದು ಸದಾ ಇನ್ನೊಂದರ ಅರ್ಧದಷ್ಟಿದ್ದರೆ ಹರಿವನ್ನೋ ಮಾರ್ಪಾಡಿನ ಗುಣಕವನ್ನೋ ಹಿಡಿಯಿರಿ. ಒಂದು ಏರಿದಾಗ ಇನ್ನೊಂದು ಸುಮ್ಮನಿದ್ದರೆ ಗುಣಕದಿಂದ ಅದನ್ನು ಸರಿಪಡಿಸಲು ಹೋಗಬೇಡಿ, ಮತ್ತೆ ಒಟ್ಟು ಎಣಿಕೆಯಿಂದ ಆರಂಭಿಸಿ.

ದುರಸ್ತಿ ಮುಗಿದು ಯಂತ್ರ ಮತ್ತೆ ಚಾಲೂ ಆದ ದಿನ ಹೆಪಾ ಫಿಲ್ಟರಿನ ಪರೀಕ್ಷೆ, ಗೋಲಿಗಳ ಪರೀಕ್ಷೆ, ಬಾಯಿಯ ಹರಿವು ಈ ಮೂರನ್ನೂ ಅಳೆದು ಬರೆದಿಡಿ. ಕೆಟ್ಟಿದ್ದ ದಿನಗಳ ಸೊನ್ನೆಗಳನ್ನು ದಾಖಲೆಯಿಂದ ತೆಗೆದು ಆ ಜಾಗವನ್ನು ಖಾಲಿ ಬಿಡಿ, ಯಾವಾಗಿನಿಂದ ಯಾವಾಗಿನವರೆಗೆ, ಯಾಕೆ ಎಂದು ಪಕ್ಕದಲ್ಲಿ ನಮೂದಿಸಿ.